ಬಾಣ ಯಾವ ಕಡೆಗೆ?

ಬಾಣಗಳೆಲ್ಲ ಉಲ್ಟಾ ಇದ್ದವು.

ಹೋದ ವರ್ಷ ಫೆಬ್ರವರಿಯ ಒಂದು ರಾತ್ರಿ. ಊಟ ಮುಗಿಸಿ ಐದನೇ ತರಗತಿಯ ಕಿರುಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದೆ. ಒಟ್ಟು 27 ಪೇಪರ್. 'ಒಂದು ಆಹಾರ ಸರಪಳಿ ಬರೆಯಿರಿ' ಅಂತ ಎರಡು ಅಂಕದ ಪ್ರಶ್ನೆ ಇತ್ತು. ಮೊದಲನೇ ಪೇಪರಿನಲ್ಲಿ ಹಾವು, ಬಾಣ, ಕಪ್ಪೆ, ಬಾಣ, ಮಿಡತೆ, ಬಾಣ, ಹುಲ್ಲು. ಬಾಣ ಹುಲ್ಲಿನಿಂದ ಹೊರಟು ಹಾವಿನ ಕಡೆಗೆ ಹೋಗಬೇಕಿತ್ತು. ಸರಿ, ಇವಳೊಬ್ಬಳು ತಿರುಗಿಸಿ ಬರೆದಿದ್ದಾಳೆ ಅಂದುಕೊಂಡೆ. ಎರಡನೆಯದೂ ಹಾಗೇ. ಐದನೆಯದೂ ಹಾಗೇ. ಕೊನೆಗೆ ಪೆನ್ನು ಕೆಳಗಿಟ್ಟು ಎಣಿಸಿದೆ. 27ರಲ್ಲಿ 19 ಉಲ್ಟಾ.

ತಮಾಷೆ ಅಂದ್ರೆ, ಎರಡು ವಾರದ ಹಿಂದಷ್ಟೇ ಇದೇ ಪಾಠಕ್ಕೆ ನಾನು ಭಾರೀ ಆಟ ಆಡಿಸಿದ್ದೆ.

ನಾನು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಅಧ್ಯಯನ ತೆಗೆದುಕೊಳ್ಳುತ್ತೇನೆ. ವಿಜ್ಞಾನ ಅಂತ ಬೇರೆ ಪುಸ್ತಕ ಬರುವುದು ಆರನೇ ತರಗತಿಗೆ. ಅಲ್ಲಿವರೆಗಿನ ಗಿಡ, ನೀರು, ಗಾಳಿ, ಪ್ರಾಣಿ ಎಲ್ಲ ನನ್ನ ಪಾಲಿಗೆ. ಆವತ್ತು ಪೇಟೆಯಿಂದ ಒಂದು ಉಲ್ಲನ್ ಉಂಡೆ ತಂದಿದ್ದೆ. ಮಕ್ಕಳನ್ನು ದುಂಡಗೆ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಟ್ಟೆ. ಹುಲ್ಲು, ರಾಗಿ, ಮಿಡತೆ, ಇಲಿ, ಕಪ್ಪೆ, ಕೇರೆ ಹಾವು, ಕೊಕ್ಕರೆ, ಹದ್ದು. ಯಾರು ಯಾರನ್ನು ತಿನ್ನುತ್ತಾರೋ ಅವರಿಗೆ ಉಂಡೆ ಎಸೆಯಬೇಕು, ದಾರ ಬಿಡಬಾರದು. ಹತ್ತು ನಿಮಿಷದಲ್ಲಿ ಅಂಗಳದ ತುಂಬ ಬಲೆ. ಆಮೇಲೆ 'ಹಾವು ಸತ್ತುಹೋಯ್ತು' ಅಂದೆ. ಹಾವಾಗಿದ್ದ ಹುಡುಗ ದಾರ ಬಿಟ್ಟು ಕೂತ. ಯಾರ ಕೈಯ ದಾರ ಸಡಿಲವಾಯಿತೋ ಅವರೂ ಕೂತರು. ಎಲ್ಲರೂ ಕಿರುಚಿದರು. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಚಪ್ಪಾಳೆ ಗುರುತು ಬೇಕಾದಷ್ಟು ಬಂದವು.

ಪೇಪರ್ ತಿದ್ದುವಾಗ ಗೊತ್ತಾಯಿತು. ತಪ್ಪು ಕಲಿಸಿದ್ದು ಆಟವೇ. ಉಂಡೆ ಎಸೆದದ್ದು ತಿನ್ನುವವನು. ಹಾವು ಕಪ್ಪೆಗೆ ಎಸೆಯಿತು, ಕಪ್ಪೆ ಮಿಡತೆಗೆ ಎಸೆಯಿತು. ಮಕ್ಕಳ ಬಾಣ ಉಂಡೆಯ ದಾರಿ ಹಿಡಿಯಿತು, ಅಷ್ಟೇ. ಇದರ ಮೇಲೆ ನಮ್ಮ ಮಾತೂ ಹಾಗೇ ಇದೆ ನೋಡಿ. 'ಕಪ್ಪೆ ಮಿಡತೆಯನ್ನು ತಿನ್ನುತ್ತದೆ'. ತಿನ್ನುವುದು ಮೊದಲು, ತಿನ್ನಿಸಿಕೊಳ್ಳುವುದು ಆಮೇಲೆ. ಆ ವಾಕ್ಯವನ್ನು ಚಿತ್ರ ಮಾಡಿದರೆ ಬಾಣ ಕಪ್ಪೆಯಿಂದಲೇ ಹೊರಡುತ್ತದೆ. ಪುಸ್ತಕದ ಬಾಣ ಮಾತ್ರ ಊಟ ಹೋದ ಕಡೆಗೆ ಹೋಗುತ್ತದೆ. 19 ಮಕ್ಕಳ ಅಂಕ ಕಳೆಯಲು ನನಗೆ ಮನಸ್ಸು ಬರಲಿಲ್ಲ. ಕಳೆಯಬೇಕಾದದ್ದು ನನ್ನದು.

ಆ ರಾತ್ರಿ ಇನ್ನೊಂದು ವಿಷಯವೂ ಹೊಳೆಯಿತು. ಬಲೆ ಅಷ್ಟು ದೊಡ್ಡದಾಗಿತ್ತಲ್ಲ, ಅದನ್ನು ಕಟ್ಟಿದ್ದು ನಿಜವಾಗಿ ನಾಲ್ಕೈದು ಮಕ್ಕಳು. 'ಏ, ಇಲಿಗೆ ಎಸಿಯೋ', 'ಕೊಕ್ಕರೆಗೆ ಹಾಕೇ' ಅಂತ ಅವರೇ ಕೂಗುತ್ತಿದ್ದರು. ಉಳಿದವರು ದಾರ ಹಿಡಿದ ಗೂಟಗಳು.

ಗುಂಪಿನಲ್ಲಿ ಕೂರುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಒಂದರಿಂದ ಮೂರರವರೆಗೆ ನಲಿ-ಕಲಿಯಲ್ಲಿ, ಅಂದರೆ ಗುಂಪಿನಲ್ಲಿ ಕೂತು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿಯಲ್ಲಿ, ಬೆಳೆದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಲ್ಲಿ, ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳು ಶುರುಮಾಡಿದ್ದು ಅದು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಲಿಕೆಯ ಮೆಟ್ಟಿಲು ತೋರಿಸುವ ಏಣಿ, ಕಾರ್ಡು, ತಟ್ಟೆ ಅಂತ ಕರೆಯುವ ಗುಂಪುಗಳು, ಮೇಲೆ ತೂಗುವ ಚಪ್ಪರ. ಆ ಕೋಣೆಯಿಂದ ನಾಲ್ಕನೇ ತರಗತಿಗೆ ಬಂದು ಸಾಲಾಗಿ ಕೂತಾಗ ಮಕ್ಕಳ ಮುಖ ನೋಡಬೇಕು. ಹಾಗಾಗಿ ನಾನೂ ಐದೈದು ಜನರ ಗುಂಪು ಮಾಡುತ್ತಿದ್ದೆ. ಒಂದು ಚಾರ್ಟ್, ಒಂದು ಸ್ಕೆಚ್ ಪೆನ್ನು. ಬರೆಯುವುದು ಒಬ್ಬಳೇ. ಒಬ್ಬ ಪಕ್ಕದಲ್ಲಿ ಕೂತು 'ಅಕ್ಷರ ಸೊಟ್ಟ' ಅನ್ನುತ್ತಾನೆ. ಮೂವರು ಕಿಟಕಿ ನೋಡುತ್ತಾರೆ. ಇದಕ್ಕೆ ಗುಂಪು ಚಟುವಟಿಕೆ ಅಂತ ಪಾಠ ಯೋಜನೆಯಲ್ಲಿ ಎಷ್ಟೋ ವರ್ಷ ಬರೆದಿದ್ದೇನೆ.

ಒಂದು ತರಬೇತಿಯಲ್ಲಿ ಜಿಗ್ಸಾ ಅನ್ನುವ ವಿಧಾನದ ಬಗ್ಗೆ ಕೇಳಿದ್ದೆ. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನ ಶಾಲೆಗಳಲ್ಲಿ ಬಿಳಿಯರ, ಕಪ್ಪು ವರ್ಣದವರ, ಮೆಕ್ಸಿಕೊ ಮೂಲದವರ ಮಕ್ಕಳು ಹೊಸದಾಗಿ ಒಟ್ಟಿಗೆ ಕೂರತೊಡಗಿದಾಗ ಬರೀ ಜಗಳ. ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಶಿಷ್ಯರು ಒಂದು ಉಪಾಯ ಮಾಡಿದರು. ಪಾಠವನ್ನು ತುಂಡು ಮಾಡಿ, ಗುಂಪಿನಲ್ಲಿ ಒಬ್ಬರಿಗೆ ಒಂದೇ ತುಂಡು ಕೊಡುವುದು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಪಕ್ಕದವನ ಬಾಯಿ ಬಿಡಿಸದೆ ಬೇರೆ ದಾರಿಯೇ ಇಲ್ಲ. ತರಬೇತಿಯಲ್ಲಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮರೆತಿದ್ದೆ. ಆ 19 ಪೇಪರ್ ನೋಡಿದ ಮೇಲೆ ನೆನಪಾಯಿತು. ಇವಳ ಕೈಲಿ ಇರೋದು ಅವನಿಗೆ ಬೇಕಾಗಬೇಕು. ನನ್ನ ಉಲ್ಲನ್ ಆಟದಲ್ಲಿ ಯಾರಿಗೂ ಯಾರೂ ಬೇಕಿರಲಿಲ್ಲ.

ಮೊದಲು ಒಂದು ಸಣ್ಣ ಆಟದ ಮೇಲೆ ಕೈ ಇಟ್ಟೆ. ಕೆರೆ-ದಡ. ಗೆರೆ ಎಳೆದು ಈ ಕಡೆ ಕೆರೆ, ಆ ಕಡೆ ದಡ ಅಂತ ಮಾಡಿ, ಹೇಳಿದ ಕಡೆ ನೆಗೆಯುವ ಆಟ. ನಾಲ್ಕನೇ ತರಗತಿಗೆ ಇದನ್ನು ಪ್ರಾಣಿಗಳ ಹೆಸರಿನಲ್ಲಿ ಆಡಿಸುತ್ತಿದ್ದೆ. 'ಮೀನು' ಅಂದರೆ ಕೆರೆಗೆ, 'ಕುರಿ' ಅಂದರೆ ದಡಕ್ಕೆ. ತಪ್ಪಿದವರು ಔಟ್. ಇಲ್ಲೊಂದು ಎಡವಟ್ಟಿದೆ. ಯಾರಿಗೆ ಗೊತ್ತಿಲ್ಲವೋ ಅವರೇ ಮೊದಲು ಔಟಾಗಿ ಗೋಡೆಗೆ ಒರಗುತ್ತಾರೆ. ಗೊತ್ತಿರುವವರು ಇನ್ನೂ ಹತ್ತು ಸಲ ನೆಗೆಯುತ್ತಾರೆ. ಕಲಿಯಬೇಕಾದವರನ್ನು ಆಚೆ ಕಳಿಸಿ ಕಲಿತವರಿಗೆ ಪಾಠ!

ಈ ಸಲ ಔಟ್ ತೆಗೆದುಹಾಕಿದೆ. ಇಬ್ಬಿಬ್ಬರು ಕೈ ಹಿಡಿದುಕೊಳ್ಳಬೇಕು. ನಾನು ಹೆಸರು ಹೇಳಿ ಐದು ಎಣಿಸುತ್ತೇನೆ. ಅಷ್ಟರಲ್ಲಿ ಇಬ್ಬರೂ ಮಾತಾಡಿಕೊಂಡು ಒಂದೇ ಕಡೆ ನೆಗೆಯಬೇಕು. ಎರಡು ಕಡೆಯೂ ಬದುಕುವ ಪ್ರಾಣಿಯಾದರೆ ಗೆರೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು. ಮೀನು, ಕುರಿ, ಕಪ್ಪೆ ಸಲೀಸಾಗಿ ಆಯಿತು. 'ಎಮ್ಮೆ' ಅಂದೆ.

ನನ್ನ ಎದುರಿಗೇ ಇದ್ದ ಜೋಡಿಯಲ್ಲಿ ಒಬ್ಬಳು ಕೆರೆಗೆ ನೆಗೆದಳು. ಇನ್ನೊಬ್ಬಳು ದಡಕ್ಕೆ. ಹಿಡಿದ ಕೈ ಎಳೆದುಕೊಂಡು ಇಬ್ಬರೂ ಮುಗ್ಗರಿಸಿದರು.

'ನಮ್ಮ ಎಮ್ಮೆ ಮಧ್ಯಾಹ್ನ ಪೂರ್ತಿ ಕೆರೇಲೇ ಇರುತ್ತೆ. ಎಬ್ಬಿಸಿದ್ರೂ ಏಳಲ್ಲ' ಅಂದಳು ಕೆರೆಯವಳು.

'ಇದ್ರೆ? ಮೂಗು ಎಲ್ಲಿ ಇಟ್ಕೊಂಡಿರುತ್ತೆ ಹೇಳು. ಮೇಲೆ ತಾನೇ?'

'ಮೂಗಿಗೂ ಕೆರೆಗೂ ಏನೇ ಸಂಬಂಧ?'

'ಉಸಿರು ಕಣೇ.'

ನಾನು ಆಟ ನಿಲ್ಲಿಸಲಿಲ್ಲ, ಎಣಿಸುವುದನ್ನು ಮಾತ್ರ ನಿಲ್ಲಿಸಿದೆ. ಐದು ನಿಮಿಷದಲ್ಲಿ ಮಾತು ಎಮ್ಮೆಯ ಮೂಗಿನಿಂದ ಮೀನಿನ ಕಿವಿರಿಗೆ, ಅಲ್ಲಿಂದ ಗೊದಮೊಟ್ಟೆಗೆ ಹೋಯಿತು. ಕಪ್ಪೆ ಎರಡು ಕಡೆ ಸರಿ, ಅದರ ಮರಿ ಕೆರೆಯಲ್ಲಿ ಮಾತ್ರ ಅಲ್ವಾ? ಇದನ್ನು ಪುಸ್ತಕದಿಂದ ಓದಿಸಿದ್ದರೆ ಎರಡು ಸಾಲು.

ಇನ್ನು ಬಾಣದ ವಿಷಯ. ಇದಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಉತ್ತರ ಸಿಕ್ಕಿದ್ದು ಮಾರ್ಚಿಯಲ್ಲಿ, ಶಾಲೆಯ ಹಿಂದಿನ ಬೀದಿಯಲ್ಲಿ. ಹುಣಸೆಹಣ್ಣಿನ ಕಾಲ. ಜಗಲಿ ಜಗಲಿಯಲ್ಲೂ ಹೆಂಗಸರು ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಪಕ್ಕದಲ್ಲಿ ಬೀಜದ ರಾಶಿ. ಅಲ್ಲೇ ನಿಂತು ಯೋಚಿಸಿದೆ, ದಾರದ ಬದಲು ಊಟವನ್ನೇ ಕೈಯಿಂದ ಕೈಗೆ ಕೊಡಿಸಿದರೆ?

ಒಂದು ಸಾವಿರ ಬೀಜ ಎಣಿಸಿದೆವು. ಎಣಿಕೆಯೇ ಅರ್ಧ ಪೀರಿಯಡ್ ತಿಂದಿತು. ಗಣಿತದ ಲೆಕ್ಕಕ್ಕೆ ಹಾಕಿಕೊಳ್ಳಿ ಅಂತ ನನ್ನ ಸಹೋದ್ಯೋಗಿಗೆ ಹೇಳಿದೆ. 27 ಮಕ್ಕಳಲ್ಲಿ ಹತ್ತು ಜನ ರಾಗಿ ಪೈರು, ಒಬ್ಬೊಬ್ಬರ ಹತ್ತಿರ ನೂರು ಬೀಜ. ಹತ್ತು ಜನ ಮಿಡತೆ. ನಾಲ್ಕು ಕಪ್ಪೆ. ಎರಡು ಹಾವು. ಒಂದು ಹದ್ದು. ನಿಯಮ ಎರಡೇ. ನಿಮ್ಮ ಕೈಗೆ ಬಂದ ಪ್ರತಿ ಹತ್ತು ಬೀಜದಲ್ಲಿ ಒಂಬತ್ತು ನೀವೇ ಇಟ್ಟುಕೊಳ್ಳಿ, ಒಂದು ಮಾತ್ರ ನಿಮ್ಮನ್ನು ತಿನ್ನುವವರಿಗೆ ಕೊಡಿ. ಕೊನೆಯಲ್ಲಿ ಎಲ್ಲರ ಕೈಯಲ್ಲೂ ಒಂದಾದರೂ ಬೀಜ ಇರಬೇಕು, ಒಬ್ಬರ ಕೈ ಖಾಲಿ ಉಳಿದರೂ ಇಡೀ ತರಗತಿ ಸೋತ ಹಾಗೆ.

'ಒಂಬತ್ತು ಯಾಕೆ ಇಟ್ಕೋಬೇಕು ಮಿಸ್? ಜಿಪುಣತನ ಅಲ್ವಾ?' ಅಂತ ಒಬ್ಬ ಕೇಳಿದ. ನೀನು ಬೆಳಿಗ್ಗೆ ತಿಂದ ಮುದ್ದೆ ಪೂರ್ತಿ ಈಗ ನಿನ್ನ ಮೈಮೇಲಿದೆಯಾ ಅಂದೆ. ಇಲ್ಲ, ಓಡಿದ್ದೀನಿ, ಆಡಿದ್ದೀನಿ ಅಂದ. ಮಿಡತೆಯೂ ಹಾರಿದೆ, ಉಸಿರಾಡಿದೆ. ತಿಂದದ್ದರಲ್ಲಿ ಮೈಯಾಗಿ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪವೇ ಕಪ್ಪೆಗೆ ಸಿಗುವುದು.

ಈ ಹತ್ತರಲ್ಲಿ ಒಂದು ಅನ್ನುವುದು ನಾನು ಕಟ್ಟಿದ್ದಲ್ಲ. ರೇಮಂಡ್ ಲಿಂಡೆಮನ್ ಅಂತ ಒಬ್ಬ ತರುಣ ಅಮೆರಿಕದ ಮಿನ್ನೆಸೋಟದಲ್ಲಿ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಹಿಡಿದು ಕೂತು, ಪಾಚಿಯಿಂದ ಮೀನಿನವರೆಗೆ ಯಾರ ಶಕ್ತಿ ಯಾರಿಗೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿದ. 1942ರಲ್ಲಿ ಅವನ ಲೇಖನ ಅಚ್ಚಾಗುವ ಮೊದಲೇ ತೀರಿಕೊಂಡ. 27 ಇನ್ನೂ ತುಂಬಿರಲಿಲ್ಲ. ಅವನ ಕೆಲಸದಿಂದ ಬೆಳೆದ ಅಂದಾಜು ಇದು. ನಿಜವಾದ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಬರುತ್ತದೆ. ಐದನೇ ತರಗತಿಯ ಆಟಕ್ಕೆ ಹತ್ತು ಸಾಕು.

ಆಟ ಶುರುವಾಯಿತು. ರಾಗಿಯವರು ಹತ್ತತ್ತು ಬೀಜ ಎಣಿಸಿ ಮಿಡತೆಗಳ ಕೈಗೆ ಹಾಕಿದರು. ಮಿಡತೆಗಳು ಒಂಬತ್ತು ಜೇಬಿಗಿಟ್ಟು ಒಂದೊಂದು ಕೊಟ್ಟವು. ನಾಲ್ಕು ಕಪ್ಪೆಗಳಿಗೆ ಒಟ್ಟು ಹತ್ತು ಬೀಜ ಬಂತು. ಮೂರು, ಮೂರು, ಎರಡು, ಎರಡು. ಈಗ ತಡೆ. ಹಾವಿಗೆ ಕೊಡಬೇಕು ಅಂದರೆ ಯಾವ ಕಪ್ಪೆಯ ಹತ್ತಿರವೂ ಹತ್ತು ಇಲ್ಲ.

ಕಪ್ಪೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾವುಗಳು ಮುಂದೆಯೇ ಅಂಗೈ ಚಾಚಿಕೊಂಡು ನಿಂತಿವೆ. ಕಡೆಗೆ ಒಬ್ಬ ಕಪ್ಪೆ ನೆಲದ ಮೇಲೆ ತನ್ನ ಎರಡು ಬೀಜ ಇಟ್ಟ. ಉಳಿದವರೂ ಇಟ್ಟರು. ಹತ್ತಾಯಿತು. ಅದರಲ್ಲಿ ಒಂದನ್ನು ಎತ್ತಿ ಕೊಟ್ಟರು. ಎರಡು ಹಾವಿಗೆ ಒಂದು ಬೀಜ. ಹದ್ದಿಗೆ ಏನೂ ಇಲ್ಲ.

'ಮಿಸ್, ನಂಗೆ?' ಅಂತು ಹದ್ದು.

ಹದ್ದು ನಮ್ಮ ತರಗತಿಯಲ್ಲೇ ಎಲ್ಲರಿಗಿಂತ ದಪ್ಪ ಹುಡುಗ. ಅವನೇ ಬೇಕು ಅಂತ ಕೇಳಿ ಹದ್ದಾಗಿದ್ದ. ಎಲ್ಲರೂ ನಕ್ಕರು. ಆಮೇಲೆ ನಿಯಮ ನೆನಪಾಗಿ ನಗು ನಿಂತಿತು. ನಾವು ಸೋತಿದ್ದೇವೆ.

ಬೀಜವನ್ನು ಕಲ್ಲಿನಲ್ಲಿ ಒಡೆದು ಹಂಚೋಣ ಅಂದ ಒಬ್ಬ. ಇನ್ನೊಬ್ಬಳು ಲೆಕ್ಕ ಮಾಡಿದಳು, ಹದ್ದಿಗೆ ಒಂದು ಬೇಕಾದರೆ ಹಾವಿಗೆ ಹತ್ತು, ಕಪ್ಪೆಗೆ ನೂರು, ಮಿಡತೆಗೆ ಸಾವಿರ, ರಾಗಿಗೆ ಹತ್ತು ಸಾವಿರ. 'ಅಷ್ಟು ಬೀಜ ಎಣಿಸೋದ್ರಲ್ಲಿ ಬೇಸಿಗೆ ರಜೆ ಬರುತ್ತೆ' ಅಂದಳು. ಅದಕ್ಕೇ ಊರಿನ ಮೇಲೆ ಹದ್ದು ಒಂದೋ ಎರಡೋ ಕಾಣೋದು, ಮಿಡತೆ ಲೆಕ್ಕಕ್ಕೆ ಸಿಗದಷ್ಟು ಇರೋದು ಅನ್ನುವ ಮಾತು ಹಿಂದಿನಿಂದ ಬಂತು. ನಾನು ಪಾಠದ ಕೊನೆಗೆ ಹೇಳಬೇಕು ಅಂತ ಇಟ್ಟುಕೊಂಡಿದ್ದ ಮಾತು ಅದು. ಬಾಯಿ ಮುಚ್ಚಿಕೊಂಡೆ.

ದಾರಿ ತೋರಿಸಿದ್ದು ಒಬ್ಬಳು ಮಿಡತೆ. ಅವಳ ಮನೆಯಲ್ಲಿ ರಾಗಿ ಕಣ ಇದೆ. 'ಹದ್ದು ಹಾವನ್ನೇ ಯಾಕೆ ತಿನ್ಬೇಕು ಮಿಸ್? ಇಲಿ ತಿನ್ನಲ್ವಾ? ಇಲಿ ರಾಗಿನೇ ನೇರ ತಿನ್ನುತ್ತಲ್ಲ.' ಕೇರೆ ಹಾವೂ ಇಲಿ ತಿನ್ನುತ್ತೆ, ಅದಕ್ಕೇ ನಮ್ಮಪ್ಪ ಅದನ್ನ ಹೊಡೆಯಲ್ಲ ಅಂತ ಇನ್ನೊಬ್ಬ ಸೇರಿಸಿದ. ತಕ್ಷಣ ಐದು ಮಿಡತೆಗಳು ಇಲಿಗಳಾದವು. ಮತ್ತೆ ಹಂಚಿದರು. ಐದು ಇಲಿಗಳಿಂದ ಐದು ಬೀಜ. ಅದರಲ್ಲಿ ಒಂದು ಹದ್ದಿಗೆ, ಎರಡೆರಡು ಹಾವುಗಳಿಗೆ. ಉಳಿದ ಐದು ಮಿಡತೆಗಳಿಂದ ಕಪ್ಪೆಗಳಿಗೆ ಐದು, ನಾಲ್ಕು ಜನಕ್ಕೆ ಸಾಕು. ಯಾರ ಕೈಯೂ ಖಾಲಿ ಇಲ್ಲ. ಹದ್ದು ಆ ಒಂದು ಬೀಜವನ್ನು ಎತ್ತಿ ಹಿಡಿದು ಅಂಗಳದ ಸುತ್ತ ಓಡಿತು.

ಬೋರ್ಡಿನ ಮೇಲೆ ಬಾಣ ಬರೆಯುವ ಹೊತ್ತಿಗೆ ನಾನು ವಿವರಿಸಬೇಕಾಗಿ ಬರಲಿಲ್ಲ. ಬೀಜ ಯಾರಿಗೆ ಹೋಯ್ತು ಅಂತ ಕೇಳಿದೆ, ಅಷ್ಟೇ. ರಾಗಿ ಮಿಡತೆಗೆ. ಮಿಡತೆ ಕಪ್ಪೆಗೆ. ಕಪ್ಪೆ ಹಾವಿಗೆ. ಬಾಣ ಅಂದರೆ 'ಗೆ'. ವ್ಯಾಕರಣದ ಪೀರಿಯಡ್‌ನಲ್ಲಿ ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ. ಕನ್ನಡದಲ್ಲೇ ಬಾಣ ಇತ್ತು, ನಾನು ನೋಡಿರಲಿಲ್ಲ.

'ಹಾಗಾದ್ರೆ ನಾವು?' ಅಂತ ಹೊರಡುವಾಗ ಕೇಳಿದರು. ಅವರೇ ಲೆಕ್ಕ ಹಾಕಿದರು. ಸಾವಿರ ಬೀಜದ ರಾಗಿಯನ್ನು ಮುದ್ದೆ ಮಾಡಿ ತಿಂದರೆ ನಮಗೆ ನೂರು. ಕೋಳಿಗೆ ಹಾಕಿ ಕೋಳಿ ತಿಂದರೆ ಹತ್ತು. 'ಆದ್ರೂ ಕೋಳಿನೇ ಚೆನ್ನಾಗಿರುತ್ತೆ ಮಿಸ್' ಅಂದಿತು ಹದ್ದು.

ಮುಂದಿನ ವಾರ ಮತ್ತೆ ಅದೇ ಎರಡು ಅಂಕದ ಪ್ರಶ್ನೆ ಕೊಟ್ಟೆ. ಉಲ್ಟಾ ಬಾಣ ನಾಲ್ಕು ಉಳಿದವು. ಅದರಲ್ಲಿ ಒಂದು, ಆವತ್ತು ಜ್ವರ ಬಂದು ಆಟಕ್ಕೆ ನಿಂತರೂ ಅರ್ಧಕ್ಕೇ ಮನೆಗೆ ಹೋದ ಹುಡುಗಿಯದು. ಉಳಿದ ಮೂವರ ಜೊತೆ ಕೂತು ಮಾತಾಡಿದೆ. ಒಬ್ಬನಿಗೆ ಇವತ್ತಿಗೂ ಹಾವೇ ಮೊದಲು ಬರಬೇಕು, ಅದು ದೊಡ್ಡದಂತೆ.

ಈ ವರ್ಷದ ಮಕ್ಕಳಿಗೆ ಜುಲೈಯಲ್ಲಿ ನೀರಿನ ಪಾಠಕ್ಕೆ ಇನ್ನೊಂದು ಮಾಡಿದೆ. ಮತ್ತೆ ಹುಣಸೆ ಬೀಜವೇ, ಆದರೆ ಚೌಕಾಬಾರಕ್ಕೆ ಮಾಡುತ್ತೇವಲ್ಲ, ಆ ಥರ ಅರ್ಧ ಒಡೆದು ಕಲ್ಲಿಗೆ ಉಜ್ಜಿದ್ದು. ಸಮುದ್ರ, ಮೋಡ, ಕೆರೆ, ಮಣ್ಣು, ತೆಂಗಿನಮರ, ಹಸು ಅಂತ ಆರು ಕಡೆ ಚಾಕ್‌ನಲ್ಲಿ ದುಂಡು ಹಾಕಿ, ಪ್ರತಿ ಮಗು ಒಂದು ನೀರಿನ ಹನಿ. ನಾಲ್ಕು ಅರೆಬೀಜ ಎಸೆದು, ಬಿದ್ದ ಲೆಕ್ಕದ ಪ್ರಕಾರ ಮುಂದಿನ ಕಡೆಗೆ ಹೋಗುವುದು. ಸಾಮಾನ್ಯ ದಾಳಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ಎಲ್ಲ ಲೆಕ್ಕವೂ ಸಮನಾಗಿ ಬೀಳುವುದಿಲ್ಲ. ಎರಡು ಜಾಸ್ತಿ ಬೀಳುತ್ತದೆ, ಚೌಕ (ನಾಲ್ಕು), ಬಾರ (ಎಂಟು) ಅಪರೂಪ. ಹದಿನಾರಕ್ಕೆ ಒಂದೊಂದು ಸಲ. ಸಮುದ್ರದಿಂದ ಮೋಡಕ್ಕೆ ಏರಲು ಚೌಕ ಇಲ್ಲವೇ ಬಾರ ಬೀಳಲೇಬೇಕು ಅಂತ ಇಟ್ಟೆ. ಸ್ವಲ್ಪ ಹೊತ್ತಿಗೆ ಅರ್ಧ ತರಗತಿ ಸಮುದ್ರದಲ್ಲಿ ಸಿಕ್ಕಿಕೊಂಡು 'ಮಿಸ್, ಇಲ್ಲೇ ಕೂತಿದೀವಿ' ಅಂತ ಗೋಳಾಡಿತು. ಭೂಮಿಯ ನೀರಿನಲ್ಲಿ ನೂರಕ್ಕೆ 97ರಷ್ಟು ಹಾಗೇ ಕೂತಿದೆ ಕಣ್ರೋ ಅಂದೆ.

ಒಬ್ಬೊಬ್ಬರ ದಾರಿ ಒಂದೊಂದು ಥರ. ಒಬ್ಬ ಹಸುವಿನೊಳಗೆ ಮೂರು ಸಲ ಹೋಗಿ ಬಂದ. ಒಬ್ಬಳು ಎಳನೀರಾಗಿಯೇ ಆಟ ಮುಗಿಸಿದಳು. ಪೂರ್ತಿ ದಾರಿ ಯಾರೂ ನೋಡಿರಲಿಲ್ಲ. ಐದೈದು ಹನಿಗಳು ತಮ್ಮ ತಮ್ಮ ದಾರಿಯನ್ನು ಒಂದೇ ಹಾಳೆಯ ಮೇಲೆ ಬಿಡಿಸಿದಾಗ ಅದು ಪುಸ್ತಕದ ಚಿತ್ರದ ಹಾಗೆ ದುಂಡಗೆ ಬರಲಿಲ್ಲ. ಸಿಕ್ಕುಸಿಕ್ಕಾದ ನೂಲಿನ ಹಾಗೆ ಬಂತು. ನನಗೆ ಆ ಚಿತ್ರವೇ ಹೆಚ್ಚು ನಿಜ ಅನ್ನಿಸುತ್ತದೆ.

ಎಲ್ಲ ಪಾಠಕ್ಕೂ ಆಟ ಹೊಂದುವುದಿಲ್ಲ. ಹೂವಿನ ಭಾಗಗಳಿಗೆ ದಾಸವಾಳ ಬಿಡಿಸಿ ನೋಡಿದರೆ ಮುಗಿಯಿತು, ಅದಕ್ಕೆ ಯಾಕೆ ಕುಣಿತ? ಅಯಸ್ಕಾಂತ ಕೈಗೆ ಕೊಟ್ಟರೆ ಸುಮ್ನೆ ಅವರೇ ಆಡಿಕೊಳ್ಳುತ್ತಾರೆ. 40 ನಿಮಿಷದ ಪೀರಿಯಡ್‌ಗೆ ಇಂಥ ಆಟ ಹಿಡಿಸುವುದೂ ಇಲ್ಲ. ಬಿಸಿಯೂಟದ ಮುಂಚಿನ ಪೀರಿಯಡ್ ತೆಗೆದುಕೊಂಡರೆ ಊಟದ ಸಾಲಿನಲ್ಲೂ ಜಗಳ ಮುಂದುವರಿಯುತ್ತದೆ. ಪಕ್ಕದ ಕೋಣೆಯವರಿಗೆ ಗಲಾಟೆ. 'ಮೇಡಂ, ಸಂತೆ ಕೂಡಿಸಿದ್ದೀರಾ?' ಅಂತ ಕೇಳಿಸಿಕೊಂಡಿದ್ದೇನೆ. ಗಲಾಟೆಯಲ್ಲಿ ಯಾವುದು ಕಪ್ಪೆಯ ಲೆಕ್ಕದ್ದು, ಯಾವುದು ಸುಮ್ನೆ ಕಪಿಚೇಷ್ಟೆ ಅಂತ ಗುರುತಿಸಲು ನನಗೂ ಇನ್ನೂ ಪೂರ್ತಿ ಬಂದಿಲ್ಲ.

ಹುಣಸೆ ಬೀಜದ ಕಥೆ ಒಂದು ಬಾಕಿ ಇದೆ. ಆ ಸಾವಿರ ಬೀಜವನ್ನು ಮಕ್ಕಳು ಹಿಂದಿನ ಬೀದಿಯ ಅಜ್ಜಿಯೊಬ್ಬರ ರಾಶಿಯಿಂದ ತಂದಿದ್ದರು. ಕೇಳಿಯೇ ತಂದಿದ್ದೀವಿ ಅಂದಿದ್ದರು. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಗೇಟಿನಲ್ಲಿ ನಿಂತಿದ್ದರು.

'ಏನವ್ವ ಮೇಡಮ್ಮು, ಬೀಜದ ಯಾಪಾರದೋನು ನಾಳೆ ಬತ್ತಾನೆ. ನಿನ್ ಮಕ್ಳು ಒಂದು ಬುಟ್ಟಿ ಹೊತ್ಕಂಡ್ ಬಂದವ್ರೆ.'

ಆಟ ಆಡೋದಕ್ಕೆ ಅಜ್ಜಿ, ಪಾಠದ ಆಟ ಅಂದೆ. ನಾವು ಬೀಜದಲ್ಲಿ ಅಳಗುಳಿಮಣೆ ಆಡಿದ್ದು ಪಾಠ ಅಂತ ಯಾರೂ ಹೇಳಲಿಲ್ಲವಲ್ಲ ಅಂದರು. ಕೂರಿಸಿ ಟೀ ಕೊಟ್ಟು, ಅವರ ಎದುರಿಗೇ ಮಕ್ಕಳ ಕೈಲಿ ಮತ್ತೆ ಎಣಿಸಿ ಬುಟ್ಟಿಗೆ ಹಾಕಿಸಿದೆ. 991 ಆಯಿತು. ಒಂಬತ್ತು ಕಡಿಮೆ. ಕಸ ಗುಡಿಸಿದಾಗ ಜಗಲಿಯ ಮೂಲೆಯಲ್ಲಿ ಎಂಟು ಸಿಕ್ಕವು. ಒಂಬತ್ತನೆಯದನ್ನು ಹುಡುಕಲು ಹದ್ದಿನ ಜೇಬು ನೋಡಬೇಕಿತ್ತು, ಅಷ್ಟರಲ್ಲಿ ಅದು ಮನೆಗೆ ಓಡಿಹೋಗಿತ್ತು.